ಪ್ಲೇಆಫ್ ಪಂದ್ಯಗಳ ಊಹೆ ಮತ್ತು ವ್ಯಾಪಾರಿಯ ಬಂಡವಾಳ

ಪ್ರತಿ ವರ್ಷ ಮಾರ್ಚ್ 31ರ ಲೆಕ್ಕ ಮುಗಿಸುವ ಗಡಿಬಿಡಿಯ ನಡುವೆಯೇ ಐಪಿಎಲ್ ಕ್ರಿಕೆಟ್ ಪಂದ್ಯಾವಳಿಯ ಕಾವು ಏರತೊಡಗುತ್ತದೆ. ರಾಯಚೂರಿನ ಎಪಿಎಂಸಿ ಪ್ರಾಂಗಣದ ಅಡತಿ ಅಂಗಡಿಗಳಲ್ಲಿ, ಮಾನ್ವಿಯ ಅಕ್ಕಿ ಗಿರಣಿಗಳಲ್ಲಿ, ದೇವದುರ್ಗದ ಹತ್ತಿ ವ್ಯಾಪಾರಿಗಳಲ್ಲಿ ಧಾರಣೆಯ ಮಾತು ಮುಗಿದ ಕೂಡಲೇ ಈ ಸಲ ಕಪ್ ಯಾರದು ಎಂಬ ಚರ್ಚೆ ಆರಂಭವಾಗುತ್ತದೆ. ಊಹಿಸುವುದು ತಪ್ಪಲ್ಲ. ಧಾರಣೆ ಏರಬಹುದೆಂದು ಮಾಲನ್ನು ಗೋದಾಮಿನಲ್ಲಿ ಹಿಡಿದಿಡುವ ವ್ಯಾಪಾರಿಯೂ ಊಹಿಸುವವನೇ. ಆದರೆ ಊಹೆಯು ಬಾಜಿಯಾದಾಗ ಅದರ ಲೆಕ್ಕವೇ ಬೇರೆ. ಊಹೆ ಸರಿಯಾದರೆ ಲಾಭ ಬಂದೇ ಬರುತ್ತದೆ ಎಂಬ ನಂಬಿಕೆ ನಮ್ಮ ಯುವ ವ್ಯಾಪಾರಿಗಳಲ್ಲಿ ಬಲವಾಗಿದೆ. ಆ ನಂಬಿಕೆಯನ್ನು ಅಂಕಿಗಳ ಒರೆಗೆ ಹಚ್ಚುವುದೇ ಈ ಲೇಖನದ ಉದ್ದೇಶ.

ಹದಿನೈದು ವರ್ಷಗಳ ದಾಖಲೆ

ಐಪಿಎಲ್‌ನಲ್ಲಿ ಈಗಿನ ಪ್ಲೇಆಫ್ ಪದ್ಧತಿ 2011ರಲ್ಲಿ ಜಾರಿಗೆ ಬಂದಿತು. ಅಂಕಪಟ್ಟಿಯ ಮೊದಲ ಎರಡು ತಂಡಗಳು ಮೊದಲ ಕ್ವಾಲಿಫೈಯರ್‌ನಲ್ಲಿ ಸೆಣಸುತ್ತವೆ. ಗೆದ್ದ ತಂಡ ನೇರವಾಗಿ ಫೈನಲ್ ತಲುಪುತ್ತದೆ. ಸೋತ ತಂಡಕ್ಕೆ ಇನ್ನೊಂದು ಅವಕಾಶವಿರುತ್ತದೆ. ಮೂರನೆಯ ಮತ್ತು ನಾಲ್ಕನೆಯ ತಂಡಗಳು ಒಂದು ಸೋಲಿಗೇ ಮನೆಗೆ ಮರಳಬೇಕು.

2011ರಿಂದ 2025ರವರೆಗಿನ 15 ವರ್ಷಗಳ ಫಲಿತಾಂಶವನ್ನು ಪಟ್ಟಿ ಮಾಡಿದರೆ, ಅಂಕಪಟ್ಟಿಯ ಅಗ್ರಸ್ಥಾನದ ತಂಡ ಪ್ರಶಸ್ತಿ ಗೆದ್ದದ್ದು ಕೇವಲ 5 ಬಾರಿ. ಎರಡನೆಯ ಸ್ಥಾನದ ತಂಡ 9 ಬಾರಿ ಗೆದ್ದಿದೆ. ಮೂರನೆಯ ಸ್ಥಾನದಿಂದ ಮೇಲೆದ್ದು ಗೆದ್ದದ್ದು 2016ರ ಸನ್‌ರೈಸರ್ಸ್ ಹೈದರಾಬಾದ್ ಮಾತ್ರ. ಅಂದರೆ ಲೀಗ್ ಹಂತದಲ್ಲಿ ಅತ್ಯುತ್ತಮವೆನಿಸಿದ ತಂಡದ ಮೇಲೆ ಕಣ್ಣುಮುಚ್ಚಿ ಭರವಸೆಯಿಟ್ಟವನು ಮೂರರಲ್ಲಿ ಎರಡು ಸಲ ನಿರಾಶನಾಗಿದ್ದಾನೆ. ಇದಕ್ಕೆ ಬದಲಾಗಿ ಮೊದಲ ಕ್ವಾಲಿಫೈಯರ್ ಗೆದ್ದ ತಂಡವೇ ಕಪ್ ಗೆಲ್ಲುವುದೆಂದು ಹೇಳಿದವನ ಊಹೆ 15ರಲ್ಲಿ 12 ಬಾರಿ ನಿಜವಾಗಿದೆ. 2013, 2016 ಮತ್ತು 2017ರಲ್ಲಿ ಮಾತ್ರ ತಪ್ಪಿದೆ.

ಶೇಕಡಾ 80ರಷ್ಟು ಸರಿಯಾಗುವ ಊಹೆ ಸಾಮಾನ್ಯವಾದುದಲ್ಲ. ಆದರೂ ಇದರ ಮಿತಿಯನ್ನು ಅರಿಯಬೇಕು. 2024ರಲ್ಲಿ ನಮ್ಮ ಬೆಂಗಳೂರಿನ ತಂಡ ಮೊದಲ 8 ಪಂದ್ಯಗಳಲ್ಲಿ ಗೆದ್ದದ್ದು ಒಂದೇ. ಅಲ್ಲಿಂದ ಮುಂದೆ ಸತತ 6 ಪಂದ್ಯ ಗೆದ್ದು ಪ್ಲೇಆಫ್ ತಲುಪಿತು; ಮೇ 22ರಂದು ಎಲಿಮಿನೇಟರ್‌ನಲ್ಲಿ ರಾಜಸ್ಥಾನ ರಾಯಲ್ಸ್‌ಗೆ ಸೋತಿತು. ಮಧ್ಯದಲ್ಲಿ ಕೈಬಿಟ್ಟವರ ಊಹೆಯೂ ಸುಳ್ಳಾಯಿತು, ಕೊನೆಯಲ್ಲಿ ನೆಚ್ಚಿದವರ ಊಹೆಯೂ ಸುಳ್ಳಾಯಿತು. 2025ರ ಮೊದಲ ಕ್ವಾಲಿಫೈಯರ್‌ನಲ್ಲಿ ಅದೇ ತಂಡ ಪಂಜಾಬ್ ಕಿಂಗ್ಸ್ ತಂಡವನ್ನು 101 ರನ್ನಿಗೆ ಕಟ್ಟಿಹಾಕಿ 8 ವಿಕೆಟ್‌ಗಳಿಂದ ಸುಲಭವಾಗಿ ಗೆದ್ದಿತು. ಜೂನ್ 3ರಂದು ಅಹಮದಾಬಾದಿನ ಫೈನಲ್‌ನಲ್ಲಿ ಅದೇ ಎದುರಾಳಿಯ ವಿರುದ್ಧ ಗೆಲುವಿನ ಅಂತರ ಕೇವಲ 6 ರನ್.

ಊಹೆ ಸರಿ, ಲೆಕ್ಕ ನಷ್ಟ

ಈಗ ಮುಖ್ಯ ವಿಷಯಕ್ಕೆ ಬರೋಣ. ಮೊದಲ ಕ್ವಾಲಿಫೈಯರ್ ಗೆದ್ದ ತಂಡದ ಬಲ ಬಾಜಿ ಹಿಡಿಯುವ ಬುಕ್ಕಿಗೂ ತಿಳಿದಿರುತ್ತದೆ. ಆದ್ದರಿಂದ ಆತ ಆ ತಂಡಕ್ಕೆ ಕಡಿಮೆ ಭಾವ ಕೊಡುತ್ತಾನೆ. ಉದಾಹರಣೆಗೆ, ರೂ. 100 ಕಟ್ಟಿದವನಿಗೆ ಗೆದ್ದರೆ ಅಸಲು ಸೇರಿ ರೂ. 120 ಎನ್ನೋಣ. 15 ವರ್ಷ ಹೀಗೆ ಕಟ್ಟಿದವನು ತೆತ್ತದ್ದು ರೂ. 1,500. 12 ಸಲ ಗೆದ್ದು ಪಡೆದದ್ದು ರೂ. 1,440. ಶೇಕಡಾ 80ರಷ್ಟು ಸರಿಯಾಗಿ ಊಹಿಸಿಯೂ ರೂ. 60 ನಷ್ಟ! ಅಸಲಾದರೂ ಉಳಿಯಬೇಕಾದರೆ ರೂ. 125ರ ಭಾವ ಬೇಕು.

ಹತ್ತಿ ಚೆನ್ನಾಗಿದೆಯೇ ಎಂಬುದಷ್ಟೇ ವ್ಯಾಪಾರಿಯ ಪ್ರಶ್ನೆಯಲ್ಲ. ಕೇಳುತ್ತಿರುವ ಧಾರಣೆಗೆ ಅದು ಗಿಟ್ಟುತ್ತದೆಯೇ ಎಂಬುದೇ ಪ್ರಶ್ನೆ. ಈ ಮೂಲಪಾಠವನ್ನು ಅಂಗಡಿಯಲ್ಲಿ ಎಂದೂ ಮರೆಯದವರು ಬಾಜಿಯ ವಿಷಯದಲ್ಲಿ ಮರೆಯುತ್ತಾರೆ.

ಈ ವ್ಯವಹಾರದ ಒಳಗುಟ್ಟನ್ನು ಅಮೆರಿಕದ ಫುಟ್ಬಾಲ್ ಬಾಜಿ ಇನ್ನೂ ಸ್ಪಷ್ಟವಾಗಿ ತೋರಿಸುತ್ತದೆ. ಅಲ್ಲಿ ಬಲಿಷ್ಠ ತಂಡ ಇಷ್ಟು ಅಂಕಗಳಿಗಿಂತ ಹೆಚ್ಚು ಅಂತರದಿಂದ ಗೆಲ್ಲಬೇಕು ಎಂಬ ಗೆರೆಯನ್ನು ಬುಕ್ಕಿ ಎಳೆಯುತ್ತಾನೆ. ಎರಡೂ ಕಡೆ ಹಣ ಸರಿಸುಮಾರು ಸಮವಾದರೆ ಯಾರು ಗೆದ್ದರೂ ಅವನ ದಲಾಲಿಗೆ ಚ್ಯುತಿಯಿಲ್ಲ. ರೂಢಿಯ ಭಾವ 110 ಕಟ್ಟಿದರೆ 100 ಲಾಭ. ಹೀಗೆ 1,100ರಂತೆ 20 ಬಾಜಿ ಕಟ್ಟಿ 10 ಗೆದ್ದು 10 ಸೋತವನಿಗೆ ಬರುವುದು 10,000, ಹೋಗುವುದು 11,000. ನಷ್ಟ ತಪ್ಪಿಸಲು ನೂರಕ್ಕೆ 52.38ರಷ್ಟು ಊಹೆ ಸರಿಯಾಗಲೇಬೇಕು. 2008ರ ಫೆಬ್ರವರಿಯ ಸೂಪರ್ ಬೌಲ್ ಫೈನಲ್‌ನಲ್ಲಿ ಸತತ 18 ಪಂದ್ಯ ಗೆದ್ದು ಬಂದಿದ್ದ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ತಂಡ ಸುಮಾರು 12 ಅಂಕಗಳಿಂದ ಗೆಲ್ಲುವುದೆಂಬ ಎಣಿಕೆಯಿತ್ತು. ನ್ಯೂಯಾರ್ಕ್ ಜೈಂಟ್ಸ್ ತಂಡ ಅದನ್ನು 17-14ರಿಂದ ಸೋಲಿಸಿತು.

ತೆರಿಗೆ ಮತ್ತು ಕಾನೂನು

ಬಾಜಿಯ ಗೆಲುವಿಗೆ ಆದಾಯ ತೆರಿಗೆಯ ದರ ಶೇಕಡಾ 30, ಸೆಸ್ ಪ್ರತ್ಯೇಕ. ಅದಕ್ಕಾಗಿ ಮಾಡಿದ ಯಾವ ವೆಚ್ಚವನ್ನೂ ಕಳೆಯುವಂತಿಲ್ಲ. ಸೋತ ಹಣವನ್ನು ವ್ಯಾಪಾರದ ಲಾಭದೊಂದಿಗೆ ಹೊಂದಿಸುವಂತೆಯೂ ಇಲ್ಲ. ಮೇಲಿನ 20 ಬಾಜಿಗಳಲ್ಲಿ ಒಬ್ಬನು 11 ಗೆದ್ದು 9 ಸೋತನೆನ್ನೋಣ. ಗೆಲುವು 11,000, ಸೋಲು 9,900, ಕೈಗೆ ಉಳಿಕೆ 1,100. ಆದರೆ ತೆರಿಗೆ 11,000ದ ಮೇಲೆ 3,300. ಗೆದ್ದವನೂ 2,200 ಕಳೆದುಕೊಂಡ. ಗೆಲುವಿಗೆ ತೆರಿಗೆ ಕಟ್ಟಿದ ಮಾತ್ರಕ್ಕೆ ಬಾಜಿ ಕಾನೂನುಬದ್ಧವಾಗುವುದಿಲ್ಲವೆಂಬುದನ್ನೂ ನೆನಪಿಡಬೇಕು.

1872ರ ಭಾರತೀಯ ಕರಾರು ಅಧಿನಿಯಮದ 30ನೆಯ ಕಲಮಿನ ಪ್ರಕಾರ ಬಾಜಿಯ ಕರಾರು ಅನೂರ್ಜಿತ. ಗೆದ್ದ ಹಣ ಕೊಡದಿದ್ದರೆ ದಾವೆ ಹೂಡಲು ಬರುವುದಿಲ್ಲ. ಆದರೆ ಬಾಜಿಗೆಂದು ಬ್ಯಾಂಕಿನಿಂದ ತೆಗೆದ ಸಾಲ ಮಾತ್ರ ಸಾಲವಾಗಿಯೇ ಉಳಿಯುತ್ತದೆ.

2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಪಡೆದ ಆನ್‌ಲೈನ್ ಗೇಮಿಂಗ್ ಅಧಿನಿಯಮವು, ಕೌಶಲದ ಆಟವೋ ಅದೃಷ್ಟದ ಆಟವೋ ಎಂಬ ಭೇದವಿಲ್ಲದೆ, ಹಣ ಕಟ್ಟಿ ಆಡಿಸುವ ಆನ್‌ಲೈನ್ ಆಟಗಳನ್ನು ನಿಷೇಧಿಸುತ್ತದೆ. ನಡೆಸುವವರಿಗೆ 3 ವರ್ಷಗಳವರೆಗೆ ಸೆರೆವಾಸ, 1 ಕೋಟಿ ರೂಪಾಯಿವರೆಗೆ ದಂಡ. ಜಾಹೀರಾತು ನೀಡುವವರಿಗೆ 2 ವರ್ಷ, 50 ಲಕ್ಷ. ಇದರ ಬೆನ್ನಲ್ಲೇ ದೇಶದ ಪ್ರಮುಖ ಫ್ಯಾಂಟಸಿ ಕಂಪನಿಗಳು ಹಣದ ಸ್ಪರ್ಧೆಗಳನ್ನು ನಿಲ್ಲಿಸಿದವು. ಕದ್ದುಮುಚ್ಚಿ ನಡೆಯುವ ಬುಕ್ಕಿಗಳ ಬಳಿ ಹೋದವನಿಗೆ ಯಾವ ರಕ್ಷಣೆಯೂ ಇಲ್ಲ.

ಇನ್ನು ಪಂದ್ಯವೇ ಪ್ರಾಮಾಣಿಕವಾಗಿ ನಡೆಯುತ್ತದೆಂಬ ಖಾತರಿಯೂ ಇಲ್ಲ. 2019ರಲ್ಲಿ ಕರ್ನಾಟಕ ಪ್ರೀಮಿಯರ್ ಲೀಗ್‌ನಲ್ಲಿ ಮ್ಯಾಚ್ ಫಿಕ್ಸಿಂಗ್ ನಡೆದ ಆರೋಪದ ಮೇಲೆ ಬೆಂಗಳೂರು ಪೊಲೀಸರು ಪ್ರಕರಣ ದಾಖಲಿಸಿದ್ದರು. ಮ್ಯಾಚ್ ಫಿಕ್ಸಿಂಗ್ ವಂಚನೆಯ ಅಪರಾಧವಾಗದೆಂದು 2022ರ ಜನವರಿಯಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯ ತೀರ್ಪಿತ್ತಿತು.

ಸದಸ್ಯರ ಗಮನಕ್ಕೆ

1. ಅಂಗಡಿಯ ಗಲ್ಲಾ ಹಾಗೂ ಕ್ಯಾಶ್ ಕ್ರೆಡಿಟ್ ಖಾತೆಯ ಹಣ ರೈತನ ಪಟ್ಟಿಗೆ, ಹಮಾಲಿಗೆ, ಮಾಲು ಖರೀದಿಗೆ ಮೀಸಲು. ವ್ಯಾಪಾರೇತರ ಉದ್ದೇಶಕ್ಕೆ ತಿರುಗಿಸಿದ ಸಾಲದ ಬಡ್ಡಿಯನ್ನು ವ್ಯಾಪಾರದ ವೆಚ್ಚವೆಂದು ತೋರಿಸಲಾಗದು.

2. ಮಗನಾಗಲಿ ಗುಮಾಸ್ತನಾಗಲಿ ಅಂಗಡಿಯ ಯುಪಿಐ ಬಳಸುತ್ತಿದ್ದರೆ ವಾರಕ್ಕೊಮ್ಮೆ ಬ್ಯಾಂಕ್ ಖಾತೆಯನ್ನು ಕಿರ್ದಿಯೊಡನೆ ತಾಳೆ ನೋಡಿರಿ. ಅಪರಿಚಿತ ಹೆಸರಿಗೆ ಪದೇಪದೇ ಹೋಗುವ ಸಣ್ಣ ಮೊತ್ತಗಳೇ ಮೊದಲ ಸೂಚನೆ.

3. ಬಾಜಿಯ ಸಾಲ ಬೆಳಕಿಗೆ ಬಂದಾಗ ಗದರಿಸಿ ಮುಚ್ಚಿಹಾಕದೆ, ಕೊಡಬೇಕಾದ ಒಟ್ಟು ಮೊತ್ತವನ್ನು ಒಂದೇ ಹಾಳೆಯಲ್ಲಿ ಬರೆಸಿರಿ. ಬಚ್ಚಿಟ್ಟ ಸಾಲ ತೀರಿಸಲು ಮತ್ತೆ ಬಾಜಿ ಕಟ್ಟುವುದರಿಂದಲೇ ಮನೆಗಳು ಹಾಳಾಗುತ್ತವೆ.

ಊಹಿಸುವ ಹವ್ಯಾಸವುಳ್ಳವರಿಗೆ ಒಂದು ಉಪಯುಕ್ತ ಮಾರ್ಗವಿದೆ. ಮುಂದಿನ ಹಂಗಾಮಿನಲ್ಲಿ ಪ್ರತಿ ಸೋಮವಾರ ಹತ್ತಿ ಅಥವಾ ಭತ್ತದ ವಾರಾಂತ್ಯದ ಧಾರಣೆ ಎಷ್ಟಿರಬಹುದೆಂದು ದಿನಾಂಕ ಸಹಿತ ಬರೆದಿಡಿ. ಶನಿವಾರ ನಿಜವಾದ ಧಾರಣೆಯನ್ನು ಪಕ್ಕದಲ್ಲಿ ನಮೂದಿಸಿರಿ. ಹಂಗಾಮು ಮುಗಿಯುವಷ್ಟರಲ್ಲಿ ನಿಮ್ಮ ಊಹೆಯ ಬೆಲೆ ಎಷ್ಟೆಂಬುದು ನಿಮಗೇ ತಿಳಿಯುತ್ತದೆ. ಮಾಲು ಎಷ್ಟು ದಿನ ಹಿಡಿದಿಡಬೇಕು, ಯಾವಾಗ ಬಿಡಬೇಕು ಎಂಬ ನಿರ್ಧಾರಕ್ಕೆ ಆ ವಹಿ ನೆರವಾಗುತ್ತದೆ. ಕ್ರಿಕೆಟ್ ಪಂದ್ಯವನ್ನು ಮನೆಮಂದಿಯೊಡನೆ ಕುಳಿತು ನೋಡಿ ಆನಂದಿಸೋಣ. ಬಂಡವಾಳ ವ್ಯಾಪಾರದಲ್ಲಿಯೇ ಇರಲಿ.