ಕೃಶ ಶಿಶುವಿನ ಉಸಿರು

ಐದು ವರ್ಷ ತುಂಬದ ಮಕ್ಕಳನ್ನು ಬಲಿತೆಗೆದುಕೊಳ್ಳುವ ಸೋಂಕುರೋಗಗಳಲ್ಲಿ ನ್ಯುಮೋನಿಯಾಕ್ಕೆ ಅಗ್ರಸ್ಥಾನ. 2019ರ ಒಂದೇ ವರ್ಷದಲ್ಲಿ ಪ್ರಪಂಚದಾದ್ಯಂತ ಸುಮಾರು 7 ಲಕ್ಷ 40 ಸಾವಿರ ಮಕ್ಕಳು ಇದರಿಂದ ಅಸುನೀಗಿದುವೆಂದು ವಿಶ್ವ ಆರೋಗ್ಯ ಸಂಸ್ಥೆಯ ಗಣನೆ. ಒಂದೇ ಓಣಿಯ ಎರಡು ಮಕ್ಕಳಿಗೆ ಒಂದೇ ಸೋಂಕು ತಗುಲಿದರೂ, ಒಂದು ಮಗು ವಾರದೊಳಗೆ ಚೇತರಿಸಿಕೊಂಡು ಅಂಗಳಕ್ಕಿಳಿದು ಆಡುವುದೂ, ಇನ್ನೊಂದು ಉಸಿರಿಗಾಗಿ ಏಗುವುದೂ, ಎಷ್ಟೋ ವೇಳೆ ಆ ಮಕ್ಕಳ ಹಿಂದಿನ ತಿಂಗಳುಗಳ ಆಹಾರವನ್ನು ಅವಲಂಬಿಸಿರುತ್ತದೆ.

ಪೌಷ್ಟಿಕಾಂಶದ ಅಭಾವವು ದೇಹದ ರಕ್ಷಣೆಯನ್ನು ಬುಡದಿಂದಲೇ ಸಡಿಲಗೊಳಿಸುತ್ತದೆ. ರೋಗನಿರೋಧಕ ಕಣಗಳನ್ನು ಪಕ್ವಗೊಳಿಸುವ ಥೈಮಸ್ ಗ್ರಂಥಿ ಕುಗ್ಗುತ್ತದೆ. ‘ಎ’ ಜೀವಸತ್ವ ಸಾಲದೆ ಶ್ವಾಸಮಾರ್ಗದ ಒಳಪೊರೆ ಕೆಡುತ್ತದೆ. ಕೆಮ್ಮಿ ಕಫವನ್ನು ಹೊರದೂಡಬೇಕಾದ ಸ್ನಾಯುಗಳೇ ಕರಗಿಹೋಗಿರುತ್ತವೆ. ರೋಗ ಬಂದ ಮೇಲಂತೂ ಜ್ವರವು ಅಳಿದುಳಿದ ಶಕ್ತಿಯನ್ನು ಸುಡುತ್ತದೆ, ಬಾಯಿರುಚಿ ಕೆಡುತ್ತದೆ, ಏದುಸಿರಿನ ಕೂಸು ಮೊಲೆ ಹಿಡಿಯಲಾರದು. ಸ್ಕ್ರಿಮ್‌ಷಾ, ಟೇಲರ್, ಗಾರ್ಡನ್ ಎಂಬ ಮೂವರು ವಿದ್ವಾಂಸರು 1968ರಷ್ಟು ಹಿಂದೆಯೇ, ಹಸಿವೂ ಸೋಂಕೂ ಹೀಗೆ ಒಂದನ್ನೊಂದು ಬೆಳೆಸುವ ಪರಿಯನ್ನು ವಿಸ್ತಾರವಾಗಿ ನಿರೂಪಿಸಿದ್ದರು.

ಇದಕ್ಕಿಂತಲೂ ಭಯಾನಕವಾದುದೆಂದರೆ ಕೃಶ ಶಿಶುವಿನಲ್ಲಿ ಈ ವ್ಯಾಧಿ ತನ್ನನ್ನು ಮರೆಸಿಕೊಳ್ಳುವ ಬಗೆ. ಪುಷ್ಟವಾದ ಮಗುವಾದರೋ ಮೈ ಕೆಂಡವಾಗುತ್ತದೆ, ಉಸಿರೆಳೆದಾಗಲೆಲ್ಲ ಪಕ್ಕೆ ಒಳಕ್ಕೆ ಸೆಳೆಯುತ್ತದೆ, ತಾಯಿ ಗಾಬರಿಯಿಂದ ಎತ್ತಿಕೊಂಡು ಆಸ್ಪತ್ರೆಗೆ ಓಡುತ್ತಾಳೆ. ಜ್ವರವನ್ನು ಹುಟ್ಟಿಸುವುದಕ್ಕೂ ಪಕ್ಕೆಯನ್ನು ಸೆಳೆಯುವುದಕ್ಕೂ ದೇಹದಲ್ಲಿ ಕಸುವು ಇರಬೇಕಷ್ಟೆ. ಅದಿಲ್ಲದ ಮಗು ಮೈ ತಣ್ಣಗಾಗಿ, ಅಳುವನ್ನೂ ಬಿಟ್ಟು ಮಲಗಿರಬಹುದು, ಮನೆಯವರು ಅದನ್ನು ನಿದ್ರೆಯೆಂದೇ ನಂಬಬಹುದು. ಆದಕಾರಣ ಉಸಿರನ್ನು ಎಣಿಸಬೇಕು. ಮಗು ಶಾಂತವಾಗಿರುವಾಗ ಅಂಗಿಯನ್ನು ಮೇಲೆತ್ತಿ, ಹೊಟ್ಟೆಯ ಏರಿಳಿತದ ಮೇಲೆ ದೃಷ್ಟಿಯಿಟ್ಟು, ಗಡಿಯಾರ ನೋಡುತ್ತ ಪೂರ್ತಿ ಒಂದು ನಿಮಿಷ ಎಣಿಸಿದಾಗ, ಎರಡು ತಿಂಗಳೊಳಗಿನ ಕೂಸಿಗೆ 60, ವರ್ಷದೊಳಗಿನದಕ್ಕೆ 50, ಐದು ವರ್ಷದೊಳಗಿನದಕ್ಕೆ 40 ಅಥವಾ ಅದಕ್ಕೂ ಹೆಚ್ಚು ಬಂದರೆ ತಡಮಾಡಲಾಗದು. ಎಣಿಕೆ ಕಡಿಮೆಯಿದ್ದರೂ ಮಂಕಾಗಿರುವ, ಹಾಲು ಬಿಟ್ಟಿರುವ ಬಡಕಲು ಮಗುವನ್ನು ಕೂಡಲೇ ವೈದ್ಯರಿಗೆ ತೋರಿಸಲೇಬೇಕು. ಆರು ತಿಂಗಳು ದಾಟಿದ ಮಗುವಿನ ತೋಳಿಗೆ ಅಂಗನವಾಡಿಯಲ್ಲಿ ಸುತ್ತುವ ಅಳತೆಪಟ್ಟಿ 11.5 ಸೆಂಟಿಮೀಟರಿಗಿಂತ ಕಡಿಮೆ ತೋರಿಸಿದರೆ ಅದು ತೀವ್ರ ಅಪೌಷ್ಟಿಕತೆ. ಅಂಥ ಮಗುವಿನ ಸಣ್ಣ ಕೆಮ್ಮನ್ನೂ ಸಣ್ಣದೆಂದು ಬಗೆಯತಕ್ಕದ್ದಲ್ಲ.

ಇಂಥ ಶಿಶುವನ್ನು ಆಸ್ಪತ್ರೆಗೆ ಸೇರಿಸಿಕೊಂಡಾಗ, ಸೋಂಕಿನ ಲಕ್ಷಣ ಕಣ್ಣಿಗೆ ಬೀಳದಿದ್ದರೂ ಪ್ರತಿಜೀವಕ ಔಷಧವನ್ನು ಕೊಡುವುದು ವಾಡಿಕೆ. ಜೊತೆಗೆ ಎಫ್-75 ಎಂಬ ಹಾಲಿನ ಮಿಶ್ರಣವನ್ನು ಎರಡು ಮೂರು ಗಂಟೆಗೊಮ್ಮೆ, ಹಗಲಿರುಳೂ, ಸ್ವಲ್ಪಸ್ವಲ್ಪವಾಗಿ ಉಣಿಸುತ್ತಾರೆ. ಹಸಿದ ಮಗುವೆಂಬ ಕನಿಕರದಿಂದ ಮೊದಲ ದಿನವೇ ಹೊಟ್ಟೆತುಂಬ ಉಣಿಸಿದರೆ ಬಳಲಿದ ಹೃದಯ ಅದನ್ನು ತಾಳಲಾರದು. ರೋಗ ಬಾರದಂತೆ ತಡೆಯುವ ದಾರಿಗಳೂ ಉಂಟು. ನ್ಯುಮೋನಿಯಾ ತರುವ ಬ್ಯಾಕ್ಟೀರಿಯಾಗಳಲ್ಲೊಂದರ ವಿರುದ್ಧದ ನ್ಯುಮೊಕಾಕಸ್ ಲಸಿಕೆ 2021ರಿಂದ ದೇಶದಾದ್ಯಂತ ಉಚಿತವಾಗಿ ದೊರೆಯುತ್ತಿರುವುದು ಸಂತೋಷದ ಸಂಗತಿ. ಅದರೊಡನೆ ಮೊದಲ ಆರು ತಿಂಗಳು ಎದೆಹಾಲೊಂದೇ, ಆಮೇಲೆ ಎದೆಹಾಲಿನ ಜೊತೆಗೆ ರಾಗಿಸರಿ, ಬೇಳೆ, ಮೊಟ್ಟೆ, ಸೊಪ್ಪು. ಕಾಯಿಲೆ ಬಿಟ್ಟ ಮೇಲೆ, ಕಳೆದ ತೂಕ ಮರಳುವ ತನಕ, ದಿನಕ್ಕೊಂದು ಊಟ ಹೆಚ್ಚಾಗಿ.