ಮನೆಯಲ್ಲೇ ಮೀನು-ಸೊಪ್ಪಿನ ಜೋಡಿ ಕೃಷಿ: ಟ್ಯಾಂಕ್ ತರೋ ಮುಂಚೆ ಈ ಲೆಕ್ಕ ಮಾಡ್ಕೊಳ್ಳಿ

ಕೆಳಗೆ ಟ್ಯಾಂಕಿನಲ್ಲಿ ಮೀನು, ಮೇಲೆ ತೊಟ್ಟಿಯಲ್ಲಿ ಪಾಲಕ್, ನಡುವೆ ಜುಳುಜುಳು ಹರಿಯುವ ನೀರು. ಫೋನಿನಲ್ಲಿ ಅರ್ಧ ನಿಮಿಷದ ವಿಡಿಯೋ ನೋಡಿದ್ರೆ ಸಾಕು, ಯಾರಿಗಾದ್ರೂ ಆಸೆ ಹುಟ್ಟುತ್ತೆ. ಮಣ್ಣು ಬೇಡ, ಕಳೆ ಕೀಳೋ ಕೆಲಸ ಇಲ್ಲ, ನೀರೂ ಉಳಿತಾಯ. ಇದೆಲ್ಲ ನಿಜವೇ. ಆದರೆ ಆ ವಿಡಿಯೋದಲ್ಲಿ ಕಾಣದ ಮೂರು ಸಂಗತಿಗಳಿವೆ: ನೀರಿನ ಭಾರ, ನಮ್ಮ ಬಿಸಿಲು, ನಡುರಾತ್ರಿ ಹೋಗುವ ಕರೆಂಟು. ಅಕ್ವಾಪೋನಿಕ್ಸ್ ಗೆಲ್ಲೋದೂ ಸೋಲೋದೂ ಈ ಮೂರರಲ್ಲೇ.

ಒಳಗೆ ನಡೆಯೋದೇನು?

ಮೀನು ಆಹಾರ ತಿಂದು ಅಮೋನಿಯಾ ಹೊರಹಾಕುತ್ತದೆ. ಅದು ನೀರಲ್ಲೇ ಉಳಿದರೆ ಮೀನಿಗೇ ವಿಷ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತವೆ, ಇನ್ನೊಂದು ಬಗೆಯವು ನೈಟ್ರೇಟ್ ಮಾಡುತ್ತವೆ. ನೈಟ್ರೇಟ್ ಅಂದ್ರೆ ಗಿಡಕ್ಕೆ ಗೊಬ್ಬರ. ಗಿಡ ಅದನ್ನು ಹೀರಿಕೊಂಡ ಮೇಲೆ ನೀರು ಮತ್ತೆ ಮೀನಿನ ಟ್ಯಾಂಕಿಗೆ. ಹಾಗಾಗಿ ನೀವು ಸಾಕಬೇಕಾದದ್ದು ಮೀನು, ಗಿಡ ಅಷ್ಟೇ ಅಲ್ಲ; ಕಣ್ಣಿಗೆ ಕಾಣದ ಈ ಮೂರನೇ ಬಳಗವನ್ನೂ ಸಾಕಬೇಕು.

ಉಷ್ಣವಲಯದಲ್ಲಿ ಇದನ್ನು ಹದಕ್ಕೆ ತಂದವರಲ್ಲಿ ದೊಡ್ಡ ಹೆಸರು ಜೇಮ್ಸ್ ರಾಕೋಸಿ ಅವರದ್ದು. ಕೆರಿಬಿಯನ್‌ನ ಸೇಂಟ್ ಕ್ರೋಯ್ ದ್ವೀಪದಲ್ಲಿರುವ ವರ್ಜಿನ್ ಐಲೆಂಡ್ಸ್ ವಿಶ್ವವಿದ್ಯಾಲಯದಲ್ಲಿ 1980ರ ದಶಕದಿಂದ ಅವರು ತಿಲಾಪಿಯಾ ಮತ್ತು ತರಕಾರಿಯನ್ನು ಒಟ್ಟಿಗೆ ಬೆಳೆದರು. ಅವರು ಕಲಿಸಿದ ಮುಖ್ಯ ಪಾಠ: ಲೆಕ್ಕ ಶುರುವಾಗಬೇಕಾದ್ದು ಮೀನಿನ ಸಂಖ್ಯೆಯಿಂದಲ್ಲ, ದಿನಕ್ಕೆ ಹಾಕುವ ಮೀನಿನ ಆಹಾರದಿಂದ.

ಹಾಳೆ ಮೇಲೆ ಮೊದಲು

ಸೊಪ್ಪು ಬೆಳೆಯುವ ಒಂದು ಚದರ ಮೀಟರ್ ಜಾಗಕ್ಕೆ ದಿನಕ್ಕೆ 40-50 ಗ್ರಾಂ ಮೀನಿನ ಆಹಾರ ಸಾಕು. ಟೊಮೆಟೊ, ಬದನೆಯಂಥ ಕಾಯಿ ಗಿಡಗಳಿಗೆ 50-80 ಗ್ರಾಂ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2014ರಲ್ಲಿ ತಂದ ಕೈಪಿಡಿಯ ಅಂದಾಜು ಇದು.

ಈಗ ನಿಮಗೆ 10 ಚದರ ಮೀಟರ್ ಸೊಪ್ಪಿನ ಜಾಗ ಬೇಕು ಅಂದ್ಕೊಳ್ಳಿ. 10 ಗುಣಿಸು 50, ದಿನಕ್ಕೆ 500 ಗ್ರಾಂ ಆಹಾರ. ಬೆಳೆಯುವ ಮೀನು ತನ್ನ ತೂಕದ ಸುಮಾರು ಶೇ. 2ರಷ್ಟು ತಿನ್ನುತ್ತೆ. ಅಂದ್ರೆ 25 ಕೆಜಿ ಮೀನು ಬೇಕು. ಮನೆಮಟ್ಟದಲ್ಲಿ 1000 ಲೀಟರಿಗೆ 10ರಿಂದ 20 ಕೆಜಿ ಮೀನು ಇಟ್ಟರೆ ನೆಮ್ಮದಿ. ಹಾಗಾಗಿ 2000 ಲೀಟರಿನ ಟ್ಯಾಂಕು. ಆ ನೀರು ಗಂಟೆಗೊಮ್ಮೆ ಪೂರ್ತಿ ಸುತ್ತಬೇಕು, ಅಂದ್ರೆ ನೀರೆತ್ತುವ ಎತ್ತರದಲ್ಲೂ ಗಂಟೆಗೆ 2000 ಲೀಟರ್ ಕೊಡುವ ಪಂಪು. ಡಬ್ಬದ ಮೇಲೆ ಬರೆದ ಅಂಕಿ ಎತ್ತರ ಇಲ್ಲದಾಗಿನದು, ಹಾಗಾಗಿ ಸ್ವಲ್ಪ ದೊಡ್ಡದನ್ನೇ ತನ್ನಿ.

ತಾರಸಿಯೋ, ಅಂಗಳವೋ?

ಇಲ್ಲಿ ಮಾತ್ರ ಧೈರ್ಯ ತೋರಿಸಬೇಡಿ. ಒಂದು ಲೀಟರ್ ನೀರು ಒಂದು ಕೆಜಿ. ಜನ ಓಡಾಡುವ ತಾರಸಿಗೆ ನಮ್ಮ ಭಾರತೀಯ ಮಾನಕ ಹಿಡಿಯುವ ಹೊರೆ ಚದರ ಮೀಟರಿಗೆ ಸುಮಾರು 150 ಕೆಜಿ. ಅಂದ್ರೆ ಬರೀ 15 ಸೆಂಟಿಮೀಟರ್ ಎತ್ತರದ ನೀರು! 80 ಸೆಂಟಿಮೀಟರ್ ನೀರಿರುವ ಮೀನಿನ ಟ್ಯಾಂಕು ಅದೇ ಜಾಗದ ಮೇಲೆ 800 ಕೆಜಿ ಹೊರೆ ಹಾಕುತ್ತೆ. 30 ಸೆಂಟಿಮೀಟರ್ ಒದ್ದೆ ಜಲ್ಲಿ ತುಂಬಿದ ತೊಟ್ಟಿಯೂ 500 ಕೆಜಿ ದಾಟುತ್ತೆ.

'ಓವರ್‌ಹೆಡ್ ಟ್ಯಾಂಕ್ ಇಲ್ವಾ ಮೇಲೆ?' ಅಂತ ಕೇಳಬಹುದು. ಅದು ಕಂಬ, ತೊಲೆಗಳ ಮೇಲೆ ಭಾರ ಬೀಳುವಂತೆ ಲೆಕ್ಕ ಹಾಕಿ ಇಟ್ಟದ್ದು. ಕಂಬಗಳ ನಡುವಿನ ಸ್ಲ್ಯಾಬ್ ಮೇಲೆ ಟ್ಯಾಂಕ್ ಇಡೋದು ಬೇರೆ ಮಾತು. ಅಂಗಳ, ಹಿತ್ತಲು ಇದ್ದರೆ ಅಲ್ಲೇ ಮಾಡಿ. ಇಲ್ಲವಾದರೆ ಟ್ಯಾಂಕು ನೆಲದಲ್ಲಿರಲಿ, ತಾರಸಿಗೆ ಹಗುರವಾದ ಪೈಪುಗಳಷ್ಟೇ ಹೋಗಲಿ. ಅದಕ್ಕೂ ಸ್ಟ್ರಕ್ಚರಲ್ ಇಂಜಿನಿಯರ್ ಒಬ್ಬರನ್ನು ಕರೆಸಿ ತೋರಿಸಿ. ಬಾಡಿಗೆ ಮನೆಯಾದರೆ ಮಾಲೀಕರ ಒಪ್ಪಿಗೆ ಬರಹದಲ್ಲಿರಲಿ.

ಬಿಸಿಲು, ಉಸಿರು, ಕರೆಂಟು

ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆ. 20 ಡಿಗ್ರಿಯಲ್ಲಿ ಲೀಟರಿಗೆ 9 ಮಿಲಿಗ್ರಾಂ ಹಿಡಿಯುವ ನೀರು 30 ಡಿಗ್ರಿಯಲ್ಲಿ ಹಿಡಿಯೋದು ಏಳೂವರೆ. ಮೀನಿಗೆ ಬೇಕಾದದ್ದು ಕನಿಷ್ಠ 5. ಜೊತೆಗೆ ಬಿಸಿ ನೀರಲ್ಲಿ ಮೀನು, ಬ್ಯಾಕ್ಟೀರಿಯಾ ಎರಡೂ ಹೆಚ್ಚು ಉಸಿರಾಡುತ್ತವೆ. ಕೈಯಲ್ಲಿ ಇರೋದೇ ಸ್ವಲ್ಪ, ಖರ್ಚು ಜಾಸ್ತಿ. ಬೇಸಿಗೆಯ ರಾತ್ರಿ ಗಾಳಿ ಪಂಪು ನಿಂತರೆ ಒಂದೆರಡು ಗಂಟೆಯಲ್ಲೇ ಮೀನು ಮೇಲೆ ಬಂದು ಬಾಯಿ ಬಿಡೋದು ಇದೇ ಕಾರಣಕ್ಕೆ.

ಹಾಗಾಗಿ ಖರ್ಚು ಉಳಿಸೋದಾದ್ರೆ ಬೇರೆ ಕಡೆ ಉಳಿಸಿ. ಗಾಳಿ ಪಂಪಿಗೆ ಮಾತ್ರ ಬ್ಯಾಟರಿ ಇರಲೇಬೇಕು. 30 ವ್ಯಾಟಿನ ಗಾಳಿ ಪಂಪು ಮನೆಯ ಯುಪಿಎಸ್‌ಗೆ ದೊಡ್ಡ ಹೊರೆಯೇನಲ್ಲ. ಟ್ಯಾಂಕು, ತೊಟ್ಟಿಗಳ ಮೇಲೆ ಶೇ. 50ರ ನೆರಳು ಬಲೆ ಹಾಕಿ. ಟ್ಯಾಂಕಿಗೆ ನೇರ ಬಿಸಿಲು ಬಿದ್ದರೆ ನೀರು ಕಾಯುತ್ತೆ, ಪಾಚಿಯೂ ಕಟ್ಟುತ್ತೆ.

ಯಾವ ಮೀನು, ಯಾವ ಸೊಪ್ಪು?

ತಿಲಾಪಿಯಾ, ಅಂದ್ರೆ ನಮ್ಮ ಜಿಲೇಬಿ ಮೀನು, ತುಂಬಾ ಗಟ್ಟಿ ಜೀವ. ಆದರೆ ಹೊರದೇಶದ ಮೀನು. ಸಾಕಣೆಗೆ ಸರ್ಕಾರದ ನಿಯಮಗಳಿವೆ, ಕೆರೆ-ಹೊಳೆ ಸೇರಿದರೆ ಅಲ್ಲಿನ ಮೀನುಗಳಿಗೆ ಕಂಟಕ. ತರುವ ಮುಂಚೆ ತಾಲ್ಲೂಕಿನ ಮೀನುಗಾರಿಕೆ ಇಲಾಖೆಯಲ್ಲಿ ವಿಚಾರಿಸಿ. ಆಫ್ರಿಕನ್ ಕ್ಯಾಟ್‌ಫಿಶ್ ಸಾಕಣೆ ದೇಶದಲ್ಲಿ ನಿಷಿದ್ಧ, ಯಾರು ಎಷ್ಟೇ ಅಗ್ಗಕ್ಕೆ ಕೊಟ್ಟರೂ ಬೇಡ. ಮನೆಯಲ್ಲಿ ಮೀನು ತಿನ್ನಲ್ಲ ಅನ್ನೋರಿಗೆ ಕೊಯ್ ಅಥವಾ ಗೋಲ್ಡ್‌ಫಿಶ್ ಸರಿ. ಗಿಡಕ್ಕೆ ಗೊಬ್ಬರ ಸಿಕ್ಕರಾಯ್ತು, ಮೀನು ತಟ್ಟೆಗೆ ಬರಬೇಕು ಅಂತೇನಿಲ್ಲ.

ಲೆಟ್ಯೂಸ್ ಆಸೆ ಬೇಸಿಗೆಯಲ್ಲಿ ಬಿಡಿ, ಕಾವಿಗೆ ಹೂದಂಟು ಬಿಟ್ಟು ಕಹಿಯಾಗುತ್ತೆ. ಬಸಳೆ, ಹರಿವೆ, ದಂಟು, ಪುದೀನ, ಒಂದೆಲಗ ನಮ್ಮ ಹವೆಗೆ ಹೇಳಿ ಮಾಡಿಸಿದವು. ಎಲ್ಲವನ್ನೂ ಒಂದೇ ದಿನ ನೆಟ್ಟರೆ ಒಂದೇ ದಿನ ಕೊಯ್ಯಬೇಕಾಗುತ್ತೆ, ವಾರಕ್ಕೊಂದಿಷ್ಟು ನೆಡಿ.

ಜಲ್ಲಿ, ಪೈಪು, ನೀರು

ತೊಟ್ಟಿಗೆ 20 ಎಂಎಂ ಜಲ್ಲಿ ಚೆನ್ನಾಗಿ ತೊಳೆದು ಹಾಕಿ. ಅದಕ್ಕೂ ಮೊದಲು ನಾಲ್ಕು ಕಲ್ಲಿನ ಮೇಲೆ ವಿನೆಗರ್ ಹಾಕಿ ನೋಡಿ. ನೊರೆ ಬಂದರೆ ಸುಣ್ಣದ ಅಂಶವಿದೆ, ಅಂಥ ಕಲ್ಲು ನೀರಿನ ಪಿಎಚ್ ಏರಿಸುತ್ತೆ. ಪಿಎಚ್ 7ರ ಆಸುಪಾಸಿನಲ್ಲಿದ್ದರೆ ಮೀನು, ಗಿಡ, ಬ್ಯಾಕ್ಟೀರಿಯಾ ಮೂವರಿಗೂ ಒಪ್ಪಿಗೆ. ಅದು 8ಕ್ಕೆ ಏರಿದರೆ ಅಮೋನಿಯಾದಲ್ಲಿ ವಿಷವಾಗುವ ಪಾಲು ಹೆಚ್ಚುಕಡಿಮೆ ಹತ್ತು ಪಟ್ಟಾಗುತ್ತೆ. ಗಡಸು ಬೋರ್‌ವೆಲ್ ನೀರಿದ್ದ ಕಡೆ ಇದೇ ತಲೆನೋವು. ಮಳೆಕೊಯ್ಲಿನ ನೀರು ಬೆರೆಸಿದರೆ ಸುಧಾರಿಸುತ್ತೆ. ನಲ್ಲಿ ನೀರಾದರೆ ಕ್ಲೋರಿನ್ ಹೋಗಲು ಒಂದು ದಿನ ತೆರೆದಿಟ್ಟು, ಗಾಳಿ ಆಡಿಸಿ ಹಾಕಿ.

ಪೈಪು ಜೋಡಿಸುವಾಗ ಪ್ಲಂಬರಿಗೆ ಒಂದೇ ಮಾತು ಹೇಳಿ: ಎಲ್ಲಿ ಪೈಪ್ ಒಡೆದರೂ, ಎಲ್ಲಿ ಕಟ್ಟಿಕೊಂಡರೂ ಮೀನಿನ ಟ್ಯಾಂಕು ಮಾತ್ರ ಖಾಲಿಯಾಗಬಾರದು. ಪಂಪು ಕೆಳಗಿನ ಸಂಪಿನಲ್ಲಿರಲಿ, ಮೀನಿನ ಟ್ಯಾಂಕಿನಿಂದ ನೀರು ಮೇಲ್ಮಟ್ಟದಲ್ಲಿ ತುಂಬಿ ಹರಿದು ಬರಲಿ.

ಕಾಯುವ ವಾರಗಳು

ಎಲ್ಲಾ ರೆಡಿಯಾಯ್ತು, ನಾಳೆನೇ ಮೀನು ಬಿಡೋಣ ಅಂತ ಅನ್ನಿಸುತ್ತೆ. ತಡೀರಿ. ಬ್ಯಾಕ್ಟೀರಿಯಾ ಬಳಗ ನೆಲೆಯೂರಲು ನಮ್ಮ ಹವೆಯಲ್ಲೂ ನಾಲ್ಕರಿಂದ ಆರು ವಾರ ಬೇಕು. ನಾಲ್ಕೈದು ಮೀನಿನಿಂದ ಶುರು ಮಾಡಿ, ಟೆಸ್ಟ್ ಕಿಟ್‌ನಲ್ಲಿ ದಿನಾ ನೋಡಿ. ಮೊದಲು ಅಮೋನಿಯಾ ಏರಿ ಇಳಿಯುತ್ತೆ, ಆಮೇಲೆ ನೈಟ್ರೈಟ್ ಏರಿ ಇಳಿಯುತ್ತೆ. ಎರಡೂ ಲೀಟರಿಗೆ 1 ಮಿಲಿಗ್ರಾಂ ಒಳಗೆ ನಿಂತು ನೈಟ್ರೇಟ್ ಏರತೊಡಗಿದ ಮೇಲೆ ಉಳಿದ ಮೀನುಗಳನ್ನು ಹಂತಹಂತವಾಗಿ ಬಿಡಿ.

ಮುಂದೆ ಎಳೆ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿದ್ದರೆ ಕಬ್ಬಿಣದ ಕೊರತೆ. ಮೀನಿನ ಆಹಾರದಲ್ಲಿ ಅದು ಗಿಡಕ್ಕೆ ಸಾಕಾಗುವಷ್ಟು ಇರಲ್ಲ; ಚೀಲೇಟೆಡ್ ಕಬ್ಬಿಣ ಹಾಕಬೇಕು. ಹುಳ ಬಿತ್ತು ಅಂತ ಕೀಟನಾಶಕ ಹೊಡೆಯೋ ಹಾಗಿಲ್ಲ. ಬೇವಿನೆಣ್ಣೆ ಕೂಡ ನೀರಿಗೆ ಬಿದ್ದರೆ ಮೀನಿಗೆ ಅಪಾಯ. ಕೈಯಲ್ಲಿ ಹೆಕ್ಕಿ, ಬಲೆ ಕಟ್ಟಿ.

ಸೊಳ್ಳೆ ವಿಷಯ ಮರೆಯಬೇಡಿ. 2024ರಲ್ಲಿ ರಾಜ್ಯ ಸರ್ಕಾರ ಡೆಂಗ್ಯೂವನ್ನು ಸಾಂಕ್ರಾಮಿಕ ರೋಗ ಅಂತ ಘೋಷಿಸಿದ್ದು ನೆನಪಿದೆ ಅಲ್ವಾ? ಮೀನಿರುವ ಟ್ಯಾಂಕಲ್ಲಿ ಸೊಳ್ಳೆ ಮರಿ ಉಳಿಯಲ್ಲ. ಆದರೆ ಸಂಪು, ಮುಚ್ಚಳ, ಬಕೆಟ್ಟುಗಳಲ್ಲಿ ನಿಂತ ನೀರಿನಲ್ಲಿ ಉಳಿಯುತ್ತೆ. ಸಂಪಿಗೆ ಬಲೆ ಹಾಕಿ, ನಾಲ್ಕು ಗಪ್ಪಿ ಬಿಡಿ.

ಲಾಭ ಇದೆಯಾ?

ದುಡ್ಡಿನ ಲೆಕ್ಕದಲ್ಲಿ ನೋಡಿದ್ರೆ ಇದು ಸಂತೆಯ ಸೊಪ್ಪಿಗೆ ಸಾಟಿಯಲ್ಲ. ನೀರಿನ ಪಂಪು 50, ಗಾಳಿ ಪಂಪು 30, ಒಟ್ಟು 80 ವ್ಯಾಟ್ ಹಗಲೂ ರಾತ್ರಿ ಓಡಿದರೆ ತಿಂಗಳಿಗೆ ಸುಮಾರು 58 ಯೂನಿಟ್. ಗೃಹಜ್ಯೋತಿಯಲ್ಲಿರುವವರು ಗಮನಿಸಿ: ಈ ಯೂನಿಟ್ ಸೇರಿ 200 ದಾಟಿದರೆ ಆ ತಿಂಗಳ ಬಿಲ್ಲನ್ನು ಪೂರ್ತಿ ನೀವೇ ಕಟ್ಟಬೇಕು. ಇದರ ಮೇಲೆ ತಿಂಗಳಿಗೆ 15 ಕೆಜಿ ಮೀನಿನ ಆಹಾರ. ದಿನಕ್ಕೆ ಇಪ್ಪತ್ತು ನಿಮಿಷ, ವಾರಕ್ಕೊಮ್ಮೆ ಒಂದೆರಡು ಗಂಟೆ ನಿಮ್ಮ ಸಮಯ. ಹಬ್ಬಕ್ಕೆ ಊರಿಗೆ ಹೋದಾಗ ನೋಡಿಕೊಳ್ಳಲು ಪಕ್ಕದ ಮನೆಯವರೊಬ್ಬರು.

ಸಿಗೋದು? ವಿಷ ಸಿಂಪಡಿಸದ ಸೊಪ್ಪು, ಬೇಕಿದ್ದವರಿಗೆ ತಾಜಾ ಮೀನು. 2024ರ ಬೇಸಿಗೆಯಲ್ಲಿ ಬೆಂಗಳೂರಿನಲ್ಲಿ ಗಿಡಕ್ಕೆ ಕುಡಿಯುವ ನೀರು ಹಾಕಿದರೆ 5000 ರೂಪಾಯಿ ದಂಡ ಅಂದಾಗ ಕೈತೋಟದವರು ಪಟ್ಟ ಪಾಡು ಗೊತ್ತಿದೆಯಲ್ಲ. ಇಲ್ಲಿ ದಿನಕ್ಕೆ ತುಂಬಿಸಬೇಕಾದದ್ದು ಒಟ್ಟು ನೀರಿನ ಶೇ. 1ರಿಂದ 3ರಷ್ಟು ಮಾತ್ರ. ಮಕ್ಕಳಿರುವ ಮನೆಯಾದರೆ ಪುಸ್ತಕದ ಸಾರಜನಕ ಚಕ್ರ ಕಣ್ಣೆದುರೇ ತಿರುಗುತ್ತೆ.

ಪೂರ್ತಿ 2000 ಲೀಟರಿಗೆ ಕೈಹಾಕೋ ಮುಂಚೆ 200 ಲೀಟರಿನ ಡ್ರಮ್ಮು, ಒಂದು ಚದರ ಮೀಟರ್ ತೊಟ್ಟಿ ಇಟ್ಟು ಒಂದು ಬೇಸಿಗೆ ಕಳೆಯಿರಿ. ಏಪ್ರಿಲ್ ತಿಂಗಳಲ್ಲೂ ಮೀನು ಚುರುಕಾಗಿದ್ದು, ಪಿಎಚ್ ನೋಡೋಕೆ ನಿಮಗೂ ಬೇಸರ ಬಂದಿಲ್ಲ ಅಂದ್ರೆ, ಮಳೆ ಶುರುವಾದ ಮೇಲೆ ದೊಡ್ಡ ಟ್ಯಾಂಕ್ ತನ್ನಿ. ನೀರೂ ತಂಪಾಗಿರುತ್ತೆ, ತುಂಬಿಸೋಕೆ ಮಳೆನೀರೂ ಸಿಗುತ್ತೆ.