ನಿಮಗಿದು ಗೊತ್ತೆ? ಲಂಘನವೆಂದರೆ ಬರೀ ಉಪವಾಸವಲ್ಲ

ಭಾಲ್ಕಿ, ಔರಾದ್ ಕಡೆ ಆಷಾಢ ಏಕಾದಶಿ ಬಂತೆಂದರೆ ಮನೆಮನೆಯಲ್ಲಿ ಉಪವಾಸ. ಜೊತೆಗೆ ಶೇಂಗಾ ಹಾಕಿದ ಸಾಬುದಾಣಿ ಖಿಚಡಿ! ವ್ರತಕ್ಕೆ ಅದು ಸರಿ, ಆದರೆ ಆಯುರ್ವೇದದ ಲಂಘನ ಇದಲ್ಲ. ದೇಹವನ್ನು ಹಗುರಗೊಳಿಸುವ ಎಲ್ಲ ಚಿಕಿತ್ಸೆಯೂ ಲಂಘನವೇ. ಚರಕಸಂಹಿತೆಯ ಸೂತ್ರಸ್ಥಾನದ 22ನೇ ಅಧ್ಯಾಯ ಅದರ 10 ಬಗೆಗಳನ್ನು ಹೇಳುತ್ತದೆ. ವಾಂತಿ ಮಾಡಿಸುವ ವಮನ, ಭೇದಿ ಮಾಡಿಸುವ ವಿರೇಚನದಂಥ 4 ಶೋಧನಗಳು (ದೇಹಶುದ್ಧಿ ಚಿಕಿತ್ಸೆಗಳು), ಬಾಯಾರಿಕೆ ತಡೆಯುವುದು, ಗಾಳಿ, ಬಿಸಿಲು, ಪಾಚನ ಔಷಧ, ವ್ಯಾಯಾಮ. ಉಪವಾಸ ಇವುಗಳಲ್ಲಿ ಒಂದು ಮಾತ್ರ.

ಹಸಿವು ಮರಳುವುದು, ಮೈ ಹಗುರಾಗುವುದು, ಬಾಯಿ ಶುದ್ಧವಾಗುವುದು ಸರಿಯಾದ ಲಂಘನದ ಲಕ್ಷಣ. ಮಿತಿ ಮೀರಿದರೆ ಮೈಕೈ ನೋವು, ಕೆಮ್ಮು, ಬಾಯಿ ಒಣಗುವುದು ಎಂದೂ ಚರಕ ಎಚ್ಚರಿಸುತ್ತಾನೆ. ಶೋಧನದ ನಂತರ ನೇರವಾಗಿ ರೊಟ್ಟಿ ಊಟಕ್ಕೆ ಕೂರುವಂತಿಲ್ಲ. ಮೊದಲು ತೆಳು ಗಂಜಿ, ಆಮೇಲೆ ಗಟ್ಟಿ ಗಂಜಿ, ಬಳಿಕ ಬೇಳೆಕಟ್ಟು. ಬೇಳೆಗಳಲ್ಲೆಲ್ಲ ಹೆಸರೇ ಅತ್ಯಂತ ಪಥ್ಯವೆಂಬುದು ಚರಕನ ಮಾತು. ಆ ಹೆಸರು ಬೀದರ್ ಜಿಲ್ಲೆಯ ಮುಂಗಾರಿನ ಮುಖ್ಯ ಬೆಳೆಗಳಲ್ಲೊಂದು ಎಂಬುದು ಈ ಭಾಗದವರಿಗೆ ಹೆಮ್ಮೆಯ ಸಂಗತಿ.

ಮಧುಮೇಹಕ್ಕೆ ಮಾತ್ರೆ ನುಂಗುವವರು, ಗರ್ಭಿಣಿಯರು, ವೃದ್ಧರು ವೈದ್ಯರನ್ನು ಕೇಳದೆ ಲಂಘನಕ್ಕೆ ಇಳಿಯಬೇಡಿ. ಬೀದರ್ ನಗರದಲ್ಲಿ ಆಯುರ್ವೇದ ವೈದ್ಯಕೀಯ ಕಾಲೇಜೇ ಇದೆ, ಅಲ್ಲಿ ವಿಚಾರಿಸಿ.